ಅಂತರಿಕ್ಷದಿಂದ ಇಳಿದವರು, ಹಾಸಿಗೆಯಿಂದ ಎದ್ದವರು

2025ರ ಜುಲೈ 15, ಮಂಗಳವಾರ. ಅಂದು ಮಧ್ಯಾಹ್ನ ಎರಡು ಗಂಟೆಯ ನಂತರ ನನ್ನ ಚಿಕಿತ್ಸಾಲಯದಲ್ಲಿ ಎಂದಿನ ಕೆಲಸ ನಿಂತೇ ಹೋಯಿತು. ಔಷಧಿ ಕಟ್ಟಿಕೊಡುವ ಹುಡುಗ ದೂರದರ್ಶನವನ್ನು ಹಾಕಿದ್ದ. ಮಂಡಿನೋವಿಗೆಂದು ಬಂದ ಹಿರಿಯರು, ಮೊಮ್ಮಗುವಿನ ಕೆಮ್ಮಿಗೆ ಕಷಾಯ ಕೇಳಲು ಬಂದ ಅಜ್ಜಿ, ನಾಡಿ ತೋರಿಸಲು ಸರದಿಯಲ್ಲಿದ್ದ ನಾಲ್ಕಾರು ಮಂದಿ, ಕಡೆಗೆ ನಾನು, ಎಲ್ಲರೂ ಆ ಚಿಕ್ಕ ಪರದೆಯ ಮುಂದೆ ಸೇರಿದೆವು. ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಅವರು ಮೂವರು ಸಹಯಾತ್ರಿಗಳೊಡನೆ ಅಂತರಿಕ್ಷದಿಂದ ಭೂಮಿಗೆ ಮರಳುತ್ತಿದ್ದರು. 1984ರಲ್ಲಿ ರಾಕೇಶ್ ಶರ್ಮಾ ಅವರು ಹೋಗಿ ಬಂದ ಮೇಲೆ ಭಾರತದ ವಾಯುಪಡೆಯ ಅಧಿಕಾರಿಯೊಬ್ಬರು ಅಂತರಿಕ್ಷಕ್ಕೆ ಹೋದದ್ದು ಇದೇ ಮೊದಲು.

ಮೂರು ಗಂಟೆಗೆ ಸರಿಯಾಗಿ ನೌಕೆಯು ಅಮೆರಿಕದ ಪಶ್ಚಿಮ ತೀರದ ಸ್ಯಾನ್ ಡಿಯಾಗೋ ನಗರದ ಬಳಿ ಸಮುದ್ರಕ್ಕಿಳಿಯಿತು. ಅಲ್ಲಿ ಆಗ ನಸುಕಿನ ಕತ್ತಲೆ. ನೌಕೆಯನ್ನು ಹಡಗಿನ ಮೇಲೆತ್ತಿ, ಬಾಗಿಲು ತೆರೆದು, ಒಬ್ಬೊಬ್ಬರನ್ನೇ ಹೊರತಂದರು. ಶುಕ್ಲಾ ಅವರು ನಗುತ್ತಾ ಕೈಬೀಸಿದರು. ಆದರೆ ಸಹಾಯಕರು ಅವರನ್ನು ಹಿಡಿದುಕೊಂಡೇ ನಿಲ್ಲಿಸಿದರು. ಅವರ ಹೆಜ್ಜೆಗಳು ನಡೆಯಲು ಕಲಿಯುವ ಮಗುವಿನಂತೆ ಅಳುಕುತ್ತಿದ್ದವು. ಆಗ ಮಂಡಿನೋವಿನ ಹಿರಿಯರು ನನ್ನತ್ತ ತಿರುಗಿ ಕೇಳಿದರು: "ಇಷ್ಟ ಗಟ್ಟಿಮುಟ್ಟ ಆಳು, ಇಪ್ಪತ್ತ ದಿನದಾಗ ಏನ ಜಡ್ಡ ಆತರಿ ಇವರಿಗೆ? ಹಿಡಕೊಂಡ ನಡಸಾಕ್ಹತ್ಯಾರಲ್ಲ?"

ಆ ಪ್ರಶ್ನೆಗೆ ಅಂದು ಎರಡು ಮಾತಿನಲ್ಲಿ ಉತ್ತರಿಸಿದೆ. ಅದು ಸಾಲದೆನಿಸಿ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಆ ನಾಲ್ವರಿಗೆ ಯಾವ ಕಾಯಿಲೆಯೂ ಆಗಿರಲಿಲ್ಲ. ಅವರ ದೇಹವು ಭಾರವನ್ನು ಹೊರುವ ಅಭ್ಯಾಸವನ್ನು ಮರೆತಿತ್ತು, ಅಷ್ಟೆ. ಇದೇ ಮರೆವು ನಮ್ಮ ಮನೆಗಳಲ್ಲಿ ಹಾಸಿಗೆ ಹಿಡಿದ ಹಿರಿಯರಿಗೂ ಬರುತ್ತದೆ. ಆದ್ದರಿಂದಲೇ ಇದು ಆರೋಗ್ಯ ವಿಭಾಗಕ್ಕೆ ಸಲ್ಲುವ ವಿಷಯ.

ವೇಗವನ್ನು ಕಳೆದುಕೊಳ್ಳುವ ಬಗೆ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳೋಣ. ಅಂತರಿಕ್ಷ ನಿಲ್ದಾಣವಿರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಭೂಮಿಯ ಆಕರ್ಷಣೆ ಇಲ್ಲವೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ನೆಲದ ಮೇಲಿರುವ ಆಕರ್ಷಣೆಯ ನೂರಕ್ಕೆ ಸುಮಾರು 90 ಭಾಗ ಅಲ್ಲಿಯೂ ಇದೆ. ಹಾಗಾದರೆ ಅವರು ತೇಲುವುದೇಕೆ? ಅವರೂ ಅವರ ಮನೆಯೂ ಒಟ್ಟಿಗೆ ಬೀಳುತ್ತಲೇ ಇರುವುದರಿಂದ. ಬಾವಿಯಲ್ಲಿ ಹಗ್ಗ ಹರಿದು ಬೀಳುತ್ತಿರುವ ಕೊಡದೊಳಗೆ ಒಂದು ಕಲ್ಲಿದೆ ಎಂದುಕೊಳ್ಳಿ. ಕೊಡವೂ ಕಲ್ಲೂ ಒಂದೇ ವೇಗದಲ್ಲಿ ಬೀಳುವಾಗ ಕಲ್ಲು ಕೊಡದ ತಳವನ್ನು ಒತ್ತುವುದಿಲ್ಲ. ನಿಲ್ದಾಣವು ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಮುನ್ನುಗ್ಗುತ್ತಾ ಬೀಳುವುದರಿಂದ ಅದು ನೆಲಕ್ಕೆ ಬಡಿಯದೆ, ದುಂಡಗಿನ ಭೂಮಿಯನ್ನು ಸುತ್ತುತ್ತಲೇ ಇರುತ್ತದೆ. ಒಂದು ಸುತ್ತಿಗೆ ಸುಮಾರು 90 ನಿಮಿಷ. ದಿನಕ್ಕೆ 16 ಸೂರ್ಯೋದಯ.

ಮರಳಿ ಬರುವುದೆಂದರೆ ಈ ಮಹಾವೇಗವನ್ನು ಕಳೆದುಕೊಳ್ಳುವುದು. ಶುಕ್ಲಾ ಮತ್ತು ಸಂಗಾತಿಗಳ ನೌಕೆ ಜುಲೈ 14ರ ಸಂಜೆ ನಿಲ್ದಾಣದಿಂದ ಬೇರ್ಪಟ್ಟಿತು. ಮರುದಿನ ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಎರಡು ದಾಟಿದಾಗ ಅದರ ಚಿಕ್ಕ ಯಂತ್ರಗಳು ಮುನ್ನೋಟದ ದಿಕ್ಕಿಗೆ ವಿರುದ್ಧವಾಗಿ ಸುಮಾರು 18 ನಿಮಿಷ ಉರಿದವು. ಹೀಗೆ ಉರಿದು ತಗ್ಗಿಸುವ ವೇಗ ಬಹಳ ಅಲ್ಪ. ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ನೂರು ಮೀಟರಿನ ಆಸುಪಾಸು ಮಾತ್ರ. ಅಷ್ಟು ಸಾಕು, ಹಾದಿ ಬಾಗಿ ವಾತಾವರಣವನ್ನು ಮುಟ್ಟುತ್ತದೆ. ಉಳಿದ ವೇಗವನ್ನೆಲ್ಲ ಗಾಳಿಯೇ ಹೀರಿಕೊಳ್ಳಬೇಕು. ತೀರ ಕಡಿದಾಗಿ ಇಳಿದರೆ ಉರಿಯೂ ಒತ್ತಡವೂ ತಾಳಲಾರದಷ್ಟಾಗುತ್ತವೆ. ತೀರ ಓರೆಯಾಗಿ ಬಂದರೆ ನೀರಿನ ಮೇಲೆ ಎಸೆದ ಚಪ್ಪಟೆ ಕಲ್ಲಿನಂತೆ ಪುಟಿದು ಗುರಿ ತಪ್ಪುತ್ತದೆ. ನಡುವಿನ ಕಿರಿದಾದ ಹಾದಿಯೊಂದೇ ಕ್ಷೇಮ.

ಕೆಲವು ನಿಮಿಷಗಳ ಮೌನ

ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನೀವು ಕಂಡಿರುತ್ತೀರಿ. ಒತ್ತಲ್ಪಟ್ಟ ಗಾಳಿ ಬಿಸಿಯಾಗುತ್ತದೆ. ನೌಕೆಯ ಮುಂದೆ ಗಾಳಿಗೆ ಸರಿಯಲು ಸಮಯವೇ ಸಿಗದೆ ಅದು ಇದೇ ರೀತಿ ಒತ್ತಲ್ಪಟ್ಟು ಕಾಯುತ್ತದೆ. ಹೊರಮೈಯ ಉಷ್ಣತೆ 1,600 ಡಿಗ್ರಿ ಸೆಲ್ಸಿಯಸ್ಸಿಗೂ ಮಿಗಿಲಾಗುತ್ತದೆ. ತಳದಲ್ಲಿರುವ ಉಷ್ಣಕವಚವು ತನ್ನ ಮೇಲ್ಪದರವನ್ನು ತಾನೇ ಕರಗಿಸಿ ಉದುರಿಸುತ್ತಾ, ಆ ಉರಿಯನ್ನು ತನ್ನೊಡನೆ ಹೊರಗೊಯ್ಯುತ್ತದೆ. ಒಳಗಿರುವವರು ತಣ್ಣಗಿರುತ್ತಾರೆ. ಕಾದ ಗಾಳಿಯ ಈ ಹೊದಿಕೆಯನ್ನು ದಾಟಿ ರೇಡಿಯೋ ಅಲೆಗಳು ಹೋಗಲಾರವಾದ್ದರಿಂದ ಕೆಲವು ನಿಮಿಷ ಯಾವ ಮಾತೂ ಕೇಳಿಸುವುದಿಲ್ಲ.

ಆ ಮೌನದಲ್ಲಿ ನನಗೆ 2003ರ ಫೆಬ್ರವರಿ 1ರ ಸಂಜೆ ನೆನಪಾಯಿತು. ಕಲ್ಪನಾ ಚಾವ್ಲಾ ಅವರಿದ್ದ ಕೊಲಂಬಿಯಾ ನೌಕೆ ಇಳಿಯಲು 16 ನಿಮಿಷವಷ್ಟೇ ಬಾಕಿಯಿದ್ದಾಗ ಅಮೆರಿಕದ ಟೆಕ್ಸಾಸ್ ಪ್ರಾಂತದ ಆಕಾಶದಲ್ಲಿ ಒಡೆದು ಚೂರಾಯಿತು. ಏಳು ಮಂದಿಯೂ ತೀರಿಕೊಂಡರು. ಹೊರಡುವ ದಿನವೇ ಇಂಧನದ ತೊಟ್ಟಿಯಿಂದ ಕಿತ್ತು ಬಂದ ನೊರೆಯ ತುಂಡೊಂದು ಎಡರೆಕ್ಕೆಗೆ ಬಡಿದಿತ್ತು. 16 ದಿನ ಆ ಗಾಯ ಯಾರನ್ನೂ ಬಾಧಿಸಲಿಲ್ಲ. ಮರಳುವಾಗ ಅದೇ ಬಿರುಕಿನಿಂದ ಉರಿಗಾಳಿ ಒಳನುಗ್ಗಿತು. ಇರುವಾಗ ತೋರದ ದೌರ್ಬಲ್ಯವು ಮರಳುವಾಗ ತೋರುತ್ತದೆ ಎಂಬ ಮಾತನ್ನು ವೈದ್ಯನಾಗಿ ನಾನು ಅಂದಿನಿಂದ ಮರೆತಿಲ್ಲ.

ಈ ಬಾರಿ ದನಿ ಮತ್ತೆ ಕೇಳಿಸಿತು. ಸುಮಾರು ಐದೂವರೆ ಕಿಲೋಮೀಟರ್ ಎತ್ತರದಲ್ಲಿ ಎರಡು ಚಿಕ್ಕ ಪ್ಯಾರಾಚೂಟುಗಳು, ಸುಮಾರು ಎರಡು ಕಿಲೋಮೀಟರ್ ಎತ್ತರದಲ್ಲಿ ನಾಲ್ಕು ದೊಡ್ಡವು ಬಿಚ್ಚಿಕೊಂಡವು. ಮೊದಲೇ ದೊಡ್ಡವನ್ನು ಬಿಚ್ಚಿದರೆ ಹರಿದುಹೋಗುತ್ತವೆ. ಆದ್ದರಿಂದ ಈ ಕ್ರಮ. ಮೊದಲು ಯಂತ್ರ, ಬಳಿಕ ಗಾಳಿ, ಬಳಿಕ ಚಿಕ್ಕ ಕೊಡೆ, ದೊಡ್ಡ ಕೊಡೆ, ಕೊನೆಗೆ ನೀರು. ಒಂದೊಂದು ಮೆಟ್ಟಿಲಿಗೂ ಅದರದೇ ಹೊತ್ತು ಉಂಟು.

ತೇಲುವ ದೇಹದಲ್ಲಿ ನಡೆಯುವುದೇನು?

ನಾವು ನಿಂತಾಗ ರಕ್ತವು ಕಾಲಿನತ್ತ ಇಳಿಯುತ್ತದೆ. ಹೃದಯವೂ ರಕ್ತನಾಳಗಳೂ ಅದನ್ನು ತಲೆಯವರೆಗೆ ಏರಿಸಲು ಎಡೆಬಿಡದೆ ದುಡಿಯುತ್ತವೆ. ತೇಲುವ ಸ್ಥಿತಿಯಲ್ಲಿ ಈ ದುಡಿಮೆ ಬೇಕಿಲ್ಲ. ದ್ರವವು ಮೇಲಕ್ಕೆ ಸರಿದು ಮುಖ ಊದಿದಂತೆ, ಕಾಲುಗಳು ಸಣಕಲಾದಂತೆ ಕಾಣುತ್ತವೆ. ಮೇಲ್ಭಾಗದಲ್ಲಿ ದ್ರವ ಹೆಚ್ಚಾಯಿತೆಂದು ದೇಹ ಭಾವಿಸಿ ಅದನ್ನು ತಗ್ಗಿಸುತ್ತದೆ. ರಕ್ತದ ಒಟ್ಟು ಪ್ರಮಾಣವೇ ಕಡಿಮೆಯಾಗುತ್ತದೆ. ಅಲ್ಲಿರುವಷ್ಟು ದಿನ ಇದರಿಂದ ತೊಂದರೆಯಿಲ್ಲ. ಭೂಮಿಗೆ ಬಂದು ಎದ್ದು ನಿಂತೊಡನೆ ಇದ್ದ ರಕ್ತವೂ ಕಾಲಿಗಿಳಿದು ತಲೆ ಸುತ್ತುತ್ತದೆ, ಕಣ್ಣು ಕತ್ತಲಿಡುತ್ತದೆ. ಇದನ್ನು ತಡೆಯಲೆಂದೇ ಯಾತ್ರಿಗಳು ಇಳಿಯುವ ಮುನ್ನ ಉಪ್ಪು ಬೆರೆತ ನೀರನ್ನು ಕುಡಿಯುತ್ತಾರೆ, ಕಾಲನ್ನೂ ಹೊಟ್ಟೆಯನ್ನೂ ಬಿಗಿದು ಹಿಡಿಯುವ ಉಡುಪನ್ನು ತೊಡುತ್ತಾರೆ. ಇಳಿಯುವಾಗ ತಮ್ಮ ತೂಕದ ಮೂರರಿಂದ ಐದು ಪಟ್ಟು ಒತ್ತಡವನ್ನು ತಾಳಬೇಕಾದ್ದರಿಂದ ಆಸನದಲ್ಲಿ ಬೆನ್ನಿನ ಮೇಲೆ ಒರಗಿರುತ್ತಾರೆ. ಒತ್ತಡವು ಎದೆಯಿಂದ ಬೆನ್ನಿನತ್ತ ಬಿದ್ದರೆ ಮಿದುಳಿನ ರಕ್ತ ಕಾಲಿಗೆ ಇಳಿದುಹೋಗುವುದಿಲ್ಲ.

ಕಿವಿಯೊಳಗೆ ಸಮತೋಲನದ ಒಂದು ಸೂಕ್ಷ್ಮ ಅಂಗವಿದೆ. ಅದರಲ್ಲಿರುವ ಅತಿ ಚಿಕ್ಕ ಹರಳುಗಳು ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ತಮ್ಮ ಭಾರದಿಂದಲೇ ಮಿದುಳಿಗೆ ತಿಳಿಸುತ್ತವೆ. ಭಾರವೇ ತೋರದ ಕಡೆ ಈ ಸುದ್ದಿ ನಿಲ್ಲುತ್ತದೆ, ಮಿದುಳು ಕಣ್ಣನ್ನೇ ನೆಚ್ಚಲು ಕಲಿಯುತ್ತದೆ. ಮರಳಿದ ಮೇಲೆ ಹಳೆಯ ಪಾಠವನ್ನು ಮತ್ತೆ ಕಲಿಯಬೇಕು. ಶುಕ್ಲಾ ಅವರೇ ತಮ್ಮ ಅನುಭವವನ್ನು ಹೇಳಿಕೊಂಡಿದ್ದಾರೆ. ಮರಳಿದ ಹೊಸತರಲ್ಲಿ ಕೈಗೆತ್ತಿಕೊಂಡ ಮೊಬೈಲು ಬಹಳ ಭಾರವೆನಿಸಿತಂತೆ. ಹಾಸಿಗೆಯಲ್ಲಿ ಕುಳಿತು ಕೆಲಸ ಮುಗಿಸಿ, ಲ್ಯಾಪ್‌ಟಾಪನ್ನು ತೇಲುತ್ತದೆಂದು ಪಕ್ಕದ ಗಾಳಿಯಲ್ಲಿ ಬಿಟ್ಟರಂತೆ. ಅದು ನೆಲಕ್ಕೆ ಬಿತ್ತು.

ಮಾಂಸ ಮತ್ತು ಮೂಳೆಗಳ ವಿಷಯ ಇನ್ನೂ ಗಂಭೀರ. ಹೊರೆ ಹೊರದ ಮಾಂಸಖಂಡ ಕೃಶವಾಗುತ್ತದೆ. ಸೊಂಟದಂಥ ಭಾರ ಹೊರುವ ಮೂಳೆಗಳು ತಿಂಗಳಿಗೆ ನೂರಕ್ಕೆ 1ರಿಂದ 1.5ರಷ್ಟು ಸಾಂದ್ರತೆಯನ್ನು ಕಳೆದುಕೊಳ್ಳಬಲ್ಲವು. ಅದಕ್ಕಾಗಿಯೇ ನಿಲ್ದಾಣದಲ್ಲಿ ತಿಂಗಳುಗಟ್ಟಲೆ ಇರುವವರು ದಿನಕ್ಕೆ ಎರಡು ಗಂಟೆಗೂ ಹೆಚ್ಚು ಕಾಲ ಕಡ್ಡಾಯವಾಗಿ ವ್ಯಾಯಾಮ ಮಾಡುತ್ತಾರೆ. 286 ದಿನ ಅಂತರಿಕ್ಷದಲ್ಲಿದ್ದು 2025ರ ಮಾರ್ಚ್‌ನಲ್ಲಿ ಮರಳಿದ ಸುನೀತಾ ವಿಲಿಯಮ್ಸ್ ಅವರನ್ನು ಸ್ಟ್ರೆಚರಿನಲ್ಲಿ ಕರೆದೊಯ್ದುದನ್ನು ಕಂಡು ಅನೇಕರು ಗಾಬರಿಗೊಂಡಿದ್ದರು. ಅದು ಕಾಯಿಲೆಯ ಗುರುತಲ್ಲ, ಎಚ್ಚರಿಕೆಯ ಕ್ರಮ.

ಈ ಎಚ್ಚರಿಕೆಯನ್ನು ಕಲಿಸಿದ್ದು ಹಳೆಯ ಒಂದು ಅನುಭವ. 1970ರ ಜೂನ್‌ನಲ್ಲಿ ಸೋವಿಯತ್ ದೇಶದ ನಿಕೊಲಾಯೆವ್ ಮತ್ತು ಸೆವಸ್ತ್ಯಾನೊವ್ ಎಂಬ ಇಬ್ಬರು ಸೋಯುಜ್ 9 ಎಂಬ ಇಕ್ಕಟ್ಟಾದ ನೌಕೆಯಲ್ಲಿ ಸುಮಾರು 18 ದಿನ ಕಳೆದು ಇಳಿದರು. ಹೋಗುವಾಗ ಇಬ್ಬರೂ ಬಲಿಷ್ಠರು. ಇಳಿದಾಗ ತಾವಾಗಿ ನಡೆಯಲಾಗಲಿಲ್ಲ, ಹೊತ್ತು ಸಾಗಿಸಬೇಕಾಯಿತು. ಮೊದಲಿನಂತಾಗಲು ಅನೇಕ ದಿನಗಳು ಹಿಡಿದವು. ಅಂತರಿಕ್ಷದಲ್ಲಿ ವ್ಯಾಯಾಮವು ಊಟದಷ್ಟೇ ಅಗತ್ಯವೆಂಬ ಅರಿವು ಬಲಗೊಂಡದ್ದು ಆ ಬಳಿಕ.

ನಮ್ಮ ಮನೆಯ ಹಾಸಿಗೆ

ನೆಲದ ಮೇಲೆ ಅಂತರಿಕ್ಷದ ಪರಿಣಾಮವನ್ನು ಅಭ್ಯಸಿಸಬೇಕಾದಾಗ ವಿಜ್ಞಾನಿಗಳು ಮಾಡುವುದೇನು ಗೊತ್ತೆ? ಆರೋಗ್ಯವಂತರನ್ನು ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿಸುತ್ತಾರೆ. ತಲೆಯ ಭಾಗ ಆರು ಡಿಗ್ರಿ ತಗ್ಗಿರುವಂತೆ ಮಂಚವನ್ನು ಓರೆ ಮಾಡಿರುತ್ತಾರೆ. ಮಾಂಸ ಕರಗುವುದು, ಮೂಳೆ ಸವೆಯುವುದು, ಎದ್ದೊಡನೆ ತಲೆ ಸುತ್ತುವುದು, ಎಲ್ಲವೂ ಅಲ್ಲಿಯೂ ಕಾಣುತ್ತವೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆರೋಗ್ಯವಂತ ಹಿರಿಯರು ಹತ್ತೇ ದಿನ ಮಲಗಿದ್ದಕ್ಕೆ ಅವರ ಕಾಲುಗಳ ಮಾಂಸ ಸರಾಸರಿ ಒಂದು ಕಿಲೋದಷ್ಟು ಕಡಿಮೆಯಾಗಿತ್ತು. ಹಾಸಿಗೆಯೂ ಒಂದು ಅಂತರಿಕ್ಷವೇ. ಎರಡು ವಾರ ಜ್ವರದಿಂದ ಮಲಗಿದ ಅಜ್ಜ ಎದ್ದು ನಿಲ್ಲುವ ಗಳಿಗೆಯು ನೌಕೆ ನೀರಿಗಿಳಿಯುವ ಗಳಿಗೆಯಷ್ಟೇ ಎಚ್ಚರಿಕೆಯದು.

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತಿಲ್ಲ. ನಾನು ವೃತ್ತಿ ಆರಂಭಿಸಿ ಕೆಲವೇ ವರ್ಷಗಳಾಗಿದ್ದಾಗ ನನ್ನ ತಾಯಿಗೆ ವಿಷಮಜ್ವರ ಬಂದಿತು. ಮಗನೇ ವೈದ್ಯ. ಜ್ವರ ಬಿಟ್ಟ ಮೇಲೂ "ಏಳಬೇಡ, ಪೂರ್ತಿ ವಿಶ್ರಾಂತಿ ತೆಗೆದುಕೋ" ಎಂದು ಹಟ ಹಿಡಿದು ಮೂರು ವಾರ ಮಲಗಿಸಿದೆ. ಊಟ, ನೀರು, ಎಲ್ಲವೂ ಮಂಚದ ಬಳಿಗೇ ಹೋಗುತ್ತಿದ್ದವು. ಅದನ್ನೇ ಸೇವೆಯೆಂದು ನಾವು ತಿಳಿದಿದ್ದೆವು. ಒಂದು ಬೆಳಗಿನ ಜಾವ ಯಾರನ್ನೂ ಎಬ್ಬಿಸಬಾರದೆಂದು ಆಕೆ ತಾನಾಗಿಯೇ ಎದ್ದು ಬಚ್ಚಲಿಗೆ ಹೊರಟಳು. ಮೂರನೆಯ ಹೆಜ್ಜೆಗೆ ಬಿದ್ದಳು. ಸೊಂಟದ ಕೀಲು ಮುರಿಯಿತು. ಜ್ವರ ಗುಣವಾಗಿತ್ತು, ಆದರೆ ತಾಯಿ ಮತ್ತೆಂದೂ ಕೋಲಿಲ್ಲದೆ ನಡೆಯಲಿಲ್ಲ. ಆಕೆಯನ್ನು ಬೀಳಿಸಿದ್ದು ಜ್ವರವಲ್ಲ, ನನ್ನ ಅತಿಯಾದ ಅಕ್ಕರೆ. ಆ ಹಡಗಿನ ಮೇಲೆ ಎರಡೂ ಬದಿಗೆ ನಿಂತ ಸಹಾಯಕರನ್ನು ಕಂಡಾಗ ನನ್ನ ಮನಸ್ಸು ಆ ಬೆಳಗಿನ ಜಾವಕ್ಕೆ ಹೋಯಿತು.

ಆಯುರ್ವೇದದ ಕ್ರಮ

ಅಂತರಿಕ್ಷಯಾನದ ಸಂಗತಿಗಳೆಲ್ಲ ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಇದ್ದವೆಂದು ನಾನು ಹೇಳಲಾರೆ, ಅದು ಸತ್ಯವಲ್ಲ. ಆದರೆ ಬಲ ಕುಂದಿದ ದೇಹವನ್ನು ಮರಳಿ ಬಲಕ್ಕೆ ತರುವ ವಿಚಾರವನ್ನು ನಮ್ಮ ಆಚಾರ್ಯರು ಬಹಳ ಸೂಕ್ಷ್ಮವಾಗಿ ಚಿಂತಿಸಿದ್ದಾರೆ. ಸದಾ ಕುಳಿತಿರುವ, ಸದಾ ಮಲಗಿರುವ ಸುಖವನ್ನು ಚರಕರು ಪ್ರಮೇಹದ ಕಾರಣಗಳಲ್ಲಿ ಎಣಿಸಿದ್ದಾರೆ. ಮೂಳೆಯು ವಾತದ ಆಶ್ರಯಸ್ಥಾನವೆಂದು ವಾಗ್ಭಟರು ಹೇಳಿದ್ದಾರೆ. ವ್ಯಾಯಾಮವನ್ನು ತನ್ನ ಬಲದ ಅರ್ಧದಷ್ಟು ಮಾತ್ರ ಮಾಡಬೇಕೆಂಬುದು ಅವರ ಇನ್ನೊಂದು ಮಾತು. ಮಾಡದಿರುವುದೂ ತಪ್ಪು, ಮೀರುವುದೂ ತಪ್ಪು.

ಪಂಚಕರ್ಮದಿಂದ ಶೋಧನೆಗೊಂಡ ರೋಗಿಗೆ ಅಂದೇ ಹಬ್ಬದೂಟ ಬಡಿಸುವುದಿಲ್ಲ. ಮೊದಲು ತೆಳುವಾದ ಗಂಜಿ, ಬಳಿಕ ಮಂದವಾದ ಗಂಜಿ, ಬಳಿಕ ಹೆಸರುಬೇಳೆಯ ಸಪ್ಪೆ ಕಟ್ಟು, ಬಳಿಕ ಒಗ್ಗರಣೆ ಹಾಕಿದ ಕಟ್ಟು, ಕೊನೆಗೆ ಎಂದಿನ ಊಟ. ಇದನ್ನು ಸಂಸರ್ಜನ ಕ್ರಮವೆನ್ನುತ್ತಾರೆ. ಶೋಧನೆಯ ಪ್ರಮಾಣಕ್ಕೆ ತಕ್ಕಂತೆ ಮೂರು, ಐದು ಇಲ್ಲವೆ ಏಳು ದಿನ. ಶುಕ್ಲಾ ಅವರಿಗೂ ಮರಳಿದ ಬಳಿಕ ಸುಮಾರು ಏಳು ದಿನಗಳ ಪುನಶ್ಚೇತನವನ್ನು ಗೊತ್ತುಪಡಿಸಿದ್ದರು. ಇದು ಕಾಕತಾಳೀಯವಿರಬಹುದು. ತತ್ತ್ವ ಮಾತ್ರ ಒಂದೇ: ಮರಳುವ ಹಾದಿಗೆ ಮೆಟ್ಟಿಲುಗಳಿರಬೇಕು.

ಹೆಸರಿನ ಮಾತು ಬಂದಿತು. ದ್ವಿದಳ ಧಾನ್ಯಗಳಲ್ಲಿ ಹೆಸರೇ ಶ್ರೇಷ್ಠವೆಂದು ಚರಕಸಂಹಿತೆ ಹೇಳುತ್ತದೆ. ಶುಕ್ಲಾ ಅವರ ಜೊತೆ ಅಂತರಿಕ್ಷಕ್ಕೆ ಹೋದ ಬೀಜಗಳಲ್ಲಿ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಗಳು ಸಿದ್ಧಪಡಿಸಿದ ಪ್ರಯೋಗದ ಹೆಸರು ಮತ್ತು ಮೆಂತ್ಯ ಇದ್ದವು. ಅಲ್ಲಿ ನೀರು ಕುಡಿದು ಮೊಳೆತ ಆ ಕಾಳುಗಳ ಪೋಷಕಾಂಶಗಳೂ ಗುಣಗಳೂ ಬದಲಾಗುತ್ತವೆಯೇ ಎಂದು ವಿಜ್ಞಾನಿಗಳು ಪರೀಕ್ಷಿಸುತ್ತಾರೆ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಪ್ರಯೋಗವಂತೂ ಅಂತರಿಕ್ಷದಲ್ಲಿ ಮಾಂಸಖಂಡ ಕೃಶವಾಗುವುದನ್ನು ಕುರಿತದ್ದೇ. ಅಲ್ಲಿ ಕಂಡುಕೊಂಡದ್ದು ಮುಂದೊಂದು ದಿನ ನಮ್ಮ ಹಾಸಿಗೆ ಹಿಡಿದ ಹಿರಿಯರಿಗೂ ಉಪಕಾರವಾದೀತು.

ಹಾಸಿಗೆಯಿಂದ ಏಳುವವರಿಗೆ

ಕಾಯಿಲೆಯಿಂದ ಮಲಗಿದವರಿರುವ ಮನೆಯವರು ಈ ಕೆಲವು ಮಾತುಗಳನ್ನು ಗಮನದಲ್ಲಿಡಬೇಕೆಂದು ಕೋರುತ್ತೇನೆ.

1. ಮಲಗಿರುವಾಗಲೇ ಮರಳುವ ಸಿದ್ಧತೆ ಆರಂಭವಾಗಲಿ. ವೈದ್ಯರು ಬೇಡವೆಂದಿರದಿದ್ದರೆ ಪಾದಗಳನ್ನು ಮೇಲೆ ಕೆಳಗೆ ಆಡಿಸುವುದು, ಮೊಣಕಾಲನ್ನು ಮಡಚಿ ಚಾಚುವುದು, ತೊಡೆಯನ್ನು ಬಿಗಿದು ಸಡಿಲಿಸುವುದು, ಇವನ್ನು ದಿನಕ್ಕೆ ಮೂರು ನಾಲ್ಕು ಬಾರಿ ಮಾಡಿಸಿರಿ.

2. ಜ್ವರ ಬಿಟ್ಟ ಮೇಲೆ ಊಟಕ್ಕಾದರೂ ಎಬ್ಬಿಸಿ ಕುಳ್ಳಿರಿಸಿರಿ. ಹಗಲೆಲ್ಲ ಮಲಗಿರುವುದು ವಿಶ್ರಾಂತಿಯಲ್ಲ.

3. ಏಳುವಾಗ ಒಮ್ಮೆಲೇ ಏಳಬಾರದು. ಮೊದಲು ಮಗ್ಗುಲಾಗಿ, ಕೈಯೂರಿ ಎದ್ದು, ಕಾಲನ್ನು ಇಳಿಬಿಟ್ಟು ಎರಡು ಮೂರು ನಿಮಿಷ ಮಂಚದ ಅಂಚಿನಲ್ಲಿ ಕುಳಿತಿರಬೇಕು. ತಲೆ ಸುತ್ತದಿದ್ದರೆ ಮಾತ್ರ ಆಸರೆ ಹಿಡಿದು ನಿಲ್ಲಬೇಕು. ನಿಂತಲ್ಲೇ ಕೆಲವು ಉಸಿರು ತೆಗೆದುಕೊಂಡು ಬಳಿಕ ಹೆಜ್ಜೆ ಇಡಬೇಕು. ತಲೆ ಸುತ್ತಿದರೆ ತಕ್ಷಣ ಕುಳಿತುಕೊಳ್ಳಬೇಕು.

4. ಮೊದಲ ಕೆಲವು ದಿನ ಪಕ್ಕದಲ್ಲಿ ಒಬ್ಬರಿರಲಿ. ರಾತ್ರಿ ದೀಪವಿರಲಿ. ಬಚ್ಚಲ ನೆಲ ಒಣಗಿರಲಿ. ಕರೆಯಲು ಸಂಕೋಚಪಡುವ ಹಿರಿಯರ ಕೈಗೆ ಒಂದು ಗಂಟೆಯನ್ನು ಕೊಡಿರಿ.

5. ನೀರು, ಗಂಜಿ, ಹೆಸರುಕಟ್ಟು, ಮಜ್ಜಿಗೆ ಸಾಕಷ್ಟು ಹೋಗಲಿ. ಹೃದಯ, ಮೂತ್ರಪಿಂಡದ ತೊಂದರೆಯುಳ್ಳವರು ನೀರು ಮತ್ತು ಉಪ್ಪಿನ ಪ್ರಮಾಣವನ್ನು ತಮ್ಮ ವೈದ್ಯರಿಂದಲೇ ತಿಳಿಯಬೇಕು. ಯಾತ್ರಿಗಳು ಉಪ್ಪುನೀರು ಕುಡಿಯುತ್ತಾರೆಂದು ಮನೆಯಲ್ಲಿ ಅನುಕರಿಸಬಾರದು.

6. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ಎದ್ದಾಗ ತಲೆ ಸುತ್ತಿದರೆ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಮೂಳೆ ಮುರಿದವರು, ಶಸ್ತ್ರಕ್ರಿಯೆಯಾದವರು ಯಾವಾಗ ಕಾಲೂರಬೇಕೆಂಬುದನ್ನು ಶಸ್ತ್ರವೈದ್ಯರೇ ಹೇಳಬೇಕು.

7. ಜ್ವರ ಪೂರ್ತಿ ಬಿಟ್ಟು ಹಸಿವು ಮರಳಿದ ಬಳಿಕ ಎಳ್ಳೆಣ್ಣೆಯನ್ನು ಬೆಚ್ಚಗೆ ಮಾಡಿ ಕೈಕಾಲುಗಳಿಗೆ ಹಚ್ಚಿ ಮೃದುವಾಗಿ ತಿಕ್ಕುವುದು ಹಿತಕರ. ಎಣ್ಣೆ ಹಚ್ಚಿದ ಪಾದದಲ್ಲಿ ನಡೆಯಬಾರದು, ಜಾರುವ ಭಯವುಂಟು. ಕಾಲು ಒಂದೇ ಬದಿಗೆ ಬಾತು ನೋಯುತ್ತಿದ್ದರೆ ತಿಕ್ಕದೆ ಕೂಡಲೇ ವೈದ್ಯರಿಗೆ ತೋರಿಸಬೇಕು.

ನಾವು ದಿನವೂ "ಮೈ ಭಾರ, ಕಾಲು ಭಾರ" ಎಂದು ದೂರುತ್ತೇವೆ. ಆ ಭಾರವೇ ನಮ್ಮ ಮೂಳೆಯನ್ನು ಗಟ್ಟಿಯಾಗಿಟ್ಟಿದೆ, ಮಾಂಸವನ್ನು ಬಲವಾಗಿಟ್ಟಿದೆ, ತಲೆಗೆ ರಕ್ತವನ್ನೇರಿಸುವ ಹೃದಯವನ್ನು ಚುರುಕಾಗಿಟ್ಟಿದೆ. ಕೆಲವೇ ದಿನ ಅದನ್ನು ಬಿಟ್ಟಿದ್ದವರೂ ಅದನ್ನು ಮತ್ತೆ ಹೊರಲು ಕಲಿಯಬೇಕಾಯಿತು. ನಡೆಯಬಲ್ಲವರು ದಿನವೂ ನಡೆಯಲಿ. ಮಲಗಿದವರನ್ನು ಮೆಟ್ಟಿಲು ಮೆಟ್ಟಿಲಾಗಿ ಎಬ್ಬಿಸೋಣ.

ಅಂದು ಪ್ರಶ್ನೆ ಕೇಳಿದ ಹಿರಿಯರು ನನ್ನ ಮಾತನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಬೆಂಚಿನಿಂದ ಏಳುವಾಗ ಒಮ್ಮೆಲೇ ಏಳದೆ, ಗೋಡೆಗೆ ಕೈಯೂರಿ, ಒಂದು ಗಳಿಗೆ ನಿಂತು, ಅನಂತರ ನಡೆದರು. ಅಷ್ಟು ನೆನಪಿನಲ್ಲಿ ಉಳಿದರೆ ಈ ಲೇಖನ ಸಾರ್ಥಕ.